ವಾರ್ನಿಷ್ ಹೊಡೆದ ತಕ್ಷಣ ಪ್ಯಾಸ್ಟಲ್ ಧೂಳು ಮಾಯ, ಏನು ಮಾಡೋದು?

ಹೊಸಗೈ:
ಎಲ್ಲರಿಗೂ ನಮಸ್ಕಾರ. 1/35 ಸ್ಕೇಲಿನ (ಅಂದರೆ ಅಸಲಿಯ 35ರಲ್ಲಿ ಒಂದು ಪಾಲು ಅಳತೆಯ) ಒಂದು ಮಿಲಿಟರಿ ಟ್ರಕ್ ಮಾಡೆಲ್, 1/87ರ ಎರಡು ಗೂಡ್ಸ್ ವ್ಯಾಗನ್ ಕೈಯಲ್ಲಿವೆ. ಪೇಂಟ್, ಡೀಕಾಲ್ (ಅಂಟಿಸುವ ಗುರುತು, ಅಕ್ಷರ) ಎಲ್ಲ ಮುಗಿದಿದೆ. ಈಗ ಅವು ಬಳಸಿ ಹಳೆಯದಾದ ಹಾಗೆ ಕಾಣಬೇಕು. ಅದಕ್ಕೆ ಚಾಕ್ ಪ್ಯಾಸ್ಟಲ್ ಕಡ್ಡಿ ಉಜ್ಜಿ ಪುಡಿ ಮಾಡಿ ಬ್ರಷ್‌ನಲ್ಲಿ ಹಚ್ಚುತ್ತಿದ್ದೇನೆ. ಹಚ್ಚಿದಾಗ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಇಷ್ಟು ಸುಲಭನಾ ಅನ್ನಿಸುತ್ತದೆ. ಆದರೆ ಮೇಲೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದರೆ ಟ್ರಕ್ಕಿನ ತಿಳಿ ಬಣ್ಣದ ಧೂಳು ಪೂರ್ತಿ ಮಾಯ. ತುಕ್ಕಿನ ಬಣ್ಣ ಮಾತ್ರ ಉಳಿಯುತ್ತದೆ, ಅದೂ ಸ್ವಲ್ಪ ಗಾಢವಾಗಿ. ಎಲ್ಲ ಒಂದೇ ಡಬ್ಬಿಯ ಕಡ್ಡಿಗಳು. ಒಂದು ಉಳಿದು ಒಂದು ಹೋಗೋದು ಯಾಕೆ? ವಾರ್ನಿಷ್ ಹೊಡೆಯದೇ ಬಿಟ್ಟರೆ ನಡೆಯುತ್ತಾ?

ಹಳೇ ಗಾರ್ಡ್:
ಮೊದಲು ಎರಡು ವಿಷಯ ಹೇಳಿ. ಕಡ್ಡಿ ಯಾವುದು? ಪುಡಿ ಹಚ್ಚುವ ಮುಂಚೆ ಮಾಡೆಲ್ ಮೇಲೆ ಏನಿತ್ತು, ಗ್ಲಾಸಾ (ಹೊಳಪಿನ ವಾರ್ನಿಷ್) ಮ್ಯಾಟಾ?

ಯಾಕೆ ಕೇಳಿದೆ ಅಂದರೆ, ಅಂಗಡಿಯಲ್ಲಿ ಪ್ಯಾಸ್ಟಲ್ ಅಂತ ಬರೆದಿರುವುದೆಲ್ಲ ಒಂದೇ ಅಲ್ಲ. ಆಯಿಲ್ ಪ್ಯಾಸ್ಟಲ್ ನಮಗೆ ಬೇಡವೇ ಬೇಡ. ಅದರಲ್ಲಿ ಎಣ್ಣೆ, ಮೇಣ ಇರುತ್ತದೆ. ಉಜ್ಜಿದರೆ ಪುಡಿಯಾಗಲ್ಲ, ಉಂಡೆ ಕಟ್ಟುತ್ತದೆ. ಬೇಕಾದ್ದು ಸಾಫ್ಟ್ ಪ್ಯಾಸ್ಟಲ್, ಕೆಲವು ಕಡೆ ಚಾಕ್ ಪ್ಯಾಸ್ಟಲ್ ಅಂತ ಮಾರುತ್ತಾರೆ. ಬೆರಳಿಗೆ ಸವರಿದರೆ ಒಣ ಪುಡಿ ಹತ್ತಬೇಕು, ಜಿಡ್ಡಾಗಬಾರದು. ಕಪ್ಪು ಹಲಗೆಗೆ ಬರೆಯುವ ಸೀಮೆಸುಣ್ಣವೂ ಬೇಡ. ಅದರಲ್ಲಿ ಹೆಚ್ಚಿನದು ಜಿಪ್ಸಮ್, ಬಣ್ಣ ಹೆಸರಿಗಷ್ಟೇ.

ಇನ್ನು ಮೇಲ್ಮೈ. ಪುಡಿಗೆ ಹಿಡಿದುಕೊಳ್ಳಲು ಒರಟು ಬೇಕು. ಗ್ಲಾಸ್ ಮೇಲೆ ಹಚ್ಚಿದರೆ ಬ್ರಷ್ ಹಿಂದೆಯೇ ಪುಡಿ ಜಾರಿ ಹೋಗುತ್ತದೆ. ಮ್ಯಾಟ್ ವಾರ್ನಿಷ್‌ನಲ್ಲಿ ಸಿಲಿಕಾದಂಥ ನುಣ್ಣನೆಯ ಕಣಗಳಿರುತ್ತವೆ. ಒಣಗಿದ ಮೇಲೆ ಕಣ್ಣಿಗೆ ಕಾಣದ ತರಿ ಉಳಿಯುತ್ತದೆ, ಅದೇ ನಮ್ಮ ಹಿಡಿತ. ಆ ಕಣ ಡಬ್ಬಿಯ ತಳದಲ್ಲಿ ಕೂತಿರುತ್ತದೆ, ಹಾಗಾಗಿ ಕೈ ನೋಯುವವರೆಗೆ ಅಲ್ಲಾಡಿಸಿ. ನನ್ನ ಕ್ರಮ ಹೀಗೆ: ಪೇಂಟ್, ಗ್ಲಾಸ್, ಡೀಕಾಲ್, ವಾಶ್ (ಸಂದುಗಳಿಗೆ ಹರಿಸುವ ನೀರು ನೀರಾದ ಬಣ್ಣ), ಆಮೇಲೆ ಮ್ಯಾಟ್, ಆಮೇಲೆ ಪ್ಯಾಸ್ಟಲ್. ಪ್ಯಾಸ್ಟಲ್ ಯಾವಾಗಲೂ ಕೊನೆಗೆ.

ಹೊಸಗೈ:
ಸಾಫ್ಟ್ ಪ್ಯಾಸ್ಟಲ್ಲೇ ಸರ್. ವಿದ್ಯಾರ್ಥಿಗಳಿಗೆ ಅಂತ ಬರುವ ಡಬ್ಬಿ. ಅಡಿಗೆ ಮ್ಯಾಟ್ ಹೊಡೆದಿದ್ದೆ, ಪುಡಿ ಚೆನ್ನಾಗಿಯೇ ಕೂತಿತ್ತು. ಸ್ಪ್ರೇ ಗಾಳಿಗೆ ಹಾರಿ ಹೋಯಿತಾ ಅಂದುಕೊಂಡೆ. ಆದರೆ ದೂರದಿಂದ, ತೆಳ್ಳಗೆ ಹೊಡೆದರೂ ಅದೇ ಕಥೆ.

ಬಣ್ಣದ ಡಬ್ಬಿ:
ಸ್ವಲ್ಪ ಹಾರುವುದು ನಿಜ. ಆದರೆ ಮುಖ್ಯ ಕಾರಣ ಅದಲ್ಲ. ಧೂಳು ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ, ಕಾಣುತ್ತಿಲ್ಲ ಅಷ್ಟೇ.

ಪ್ಯಾಸ್ಟಲ್ ಕಡ್ಡಿಯಲ್ಲಿ ಮೂರು ಭಾಗ. ಬಣ್ಣ ಕೊಡುವ ಪಿಗ್ಮೆಂಟ್, ಮೈ ತುಂಬಿಸುವ ಬಿಳಿ ಪುಡಿ (ಸಾಮಾನ್ಯವಾಗಿ ಚಾಕ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಇಲ್ಲವೇ ಜಿಪ್ಸಮ್ಮು, ಜೇಡಿಯೋ), ಕಡ್ಡಿ ಮುರಿಯದಂತೆ ಹಿಡಿಯಲು ಚೂರೇ ಚೂರು ಅಂಟು. ಚಾಕ್ ಪುಡಿ ನಮಗೆ ಬೆಳ್ಳಗೆ ಕಾಣುವುದು ಅದರ ಕಣಗಳ ಸುತ್ತ ಗಾಳಿ ಇರುವುದರಿಂದ. ಬೆಳಕು ಗಾಳಿಯಿಂದ ಕಣಕ್ಕೆ ಹೋಗುವಾಗ ಬಾಗುತ್ತದೆ, ಚದುರುತ್ತದೆ. ಗಾಳಿಯ ವಕ್ರೀಭವನ ಸೂಚಿ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1, ಚಾಕಿನದು ಸುಮಾರು 1.6. ಅಂತರ ದೊಡ್ಡದು, ಚದುರುವುದೂ ಜಾಸ್ತಿ. ಈಗ ವಾರ್ನಿಷ್ ಹೊಡೆದಿರಿ. ಕಣಗಳ ನಡುವೆ ಗಾಳಿ ಇದ್ದ ಜಾಗಕ್ಕೆ ವಾರ್ನಿಷ್ ಇಳಿಯಿತು, ಅದರ ಸೂಚಿ 1.5ರ ಆಸುಪಾಸು. ಅಂತರವೇ ಉಳಿಯಲಿಲ್ಲ, ಬೆಳಕು ನೇರ ದಾಟಿ ಹೋಯಿತು. ಚಾಕ್ ಗಾಜಿನಂತಾಯಿತು, ಕೆಳಗಿನ ಪೇಂಟ್ ಕಾಣತೊಡಗಿತು. ಒಣ ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿದರೆ ಕಪ್ಪಾಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ.

ತುಕ್ಕಿನ ಬಣ್ಣ ಯಾಕೆ ಉಳಿಯಿತು? ಅದು ಕಬ್ಬಿಣದ ಆಕ್ಸೈಡ್. ಕೆಂಪು ಆಕ್ಸೈಡಿನ ಸೂಚಿ 2.9ರ ಹತ್ತಿರ, ವಾರ್ನಿಷ್ ಒಳಗೆ ಮುಳುಗಿದರೂ ಅಂತರ ಸಾಕಷ್ಟು ಉಳಿಯುತ್ತದೆ. ಮೇಲಾಗಿ ಅದು ಬೆಳಕನ್ನು ಹೀರುತ್ತದೆ. ಕಪ್ಪು ಕಾರ್ಬನ್ನೂ ಹಾಗೆಯೇ, ಏನು ಹೊಡೆದರೂ ಹೋಗಲ್ಲ. ಗಾಢವಾದದ್ದು ಯಾಕೆ ಅಂದರೆ, ಆ ಕಡ್ಡಿಯಲ್ಲಿ ಬೆರೆತಿದ್ದ ಚಾಕ್ ಪಾರದರ್ಶಕವಾಗಿ ಬರೀ ಪಿಗ್ಮೆಂಟ್ ಉಳಿಯಿತು.

ಹಾಗಾಗಿ ನಿಮ್ಮ ತಿಳಿ ಧೂಳಿನ ಬಣ್ಣ ಅಂದರೆ ಮುಕ್ಕಾಲು ಪಾಲು ಚಾಕೇ ಇರಬೇಕು. ಅಗ್ಗದ ಡಬ್ಬಿಗಳಲ್ಲಿ ಬಿಳಿ, ಕೆನೆ, ತಿಳಿ ಬೂದು ಎಲ್ಲ ಹೀಗೇ.

ಒಂದು ಸುಲಭದ ಪರೀಕ್ಷೆ ಇದೆ. ಅದೇ ಪೇಂಟ್, ಅದೇ ಮ್ಯಾಟ್ ಹೊಡೆದ ಬೇಡದ ಪ್ಲಾಸ್ಟಿಕ್ ತುಂಡಿಗೆ ಪುಡಿ ಹಚ್ಚಿ. ಬ್ರಷ್ ತುದಿಯಿಂದ ಒಂದು ಹನಿ ವೈಟ್ ಸ್ಪಿರಿಟ್ (ಪೇಂಟ್ ತೆಳು ಮಾಡುವ ದ್ರಾವಕ) ಮುಟ್ಟಿಸಿ. ಒದ್ದೆ ಇರುವಷ್ಟು ಹೊತ್ತು ಏನು ಕಾಣುತ್ತದೋ, ವಾರ್ನಿಷ್ ಅಡಿಯಲ್ಲಿ ಹೆಚ್ಚೂಕಮ್ಮಿ ಅದೇ ಕಾಣುವುದು. ಆರಿದ ಮೇಲೆ ಬಿಳುಪು ತಿರುಗಿ ಬರುತ್ತದೆ, ಅದನ್ನು ನಂಬಬೇಡಿ.

ಟ್ಯಾಂಕ್ ಜಾಡು:
ಅಕ್ಕಾ, ಇಷ್ಟು ವರ್ಷ ಸ್ಪ್ರೇಗೆ ಬೈಯುತ್ತಿದ್ದೆ, ಪಾಪ ಅದರದ್ದೇನೂ ತಪ್ಪಿಲ್ಲ 😄

ನನ್ನ ಕಡೆಯಿಂದ ನೇರ ಉತ್ತರ: ಸೀಲ್ ಮಾಡಲೇಬೇಡಿ. ಪ್ಯಾಸ್ಟಲ್‌ನ ಚೆಂದ ಇರುವುದೇ ಆ ಒಣ, ಸತ್ತ ಮ್ಯಾಟ್ ನೋಟದಲ್ಲಿ. ನಿಜವಾದ ಧೂಳು ಹೊಳೆಯಲ್ಲ. ಪೇಂಟ್‌ನಲ್ಲಿ ಎಷ್ಟು ತಿಣುಕಿದರೂ ಆ ನೋಟ ಬರಲ್ಲ. ಅದರ ಮೇಲೆ ವಾರ್ನಿಷ್ ಎಂಬ ಪರದೆ ಎಳೆದರೆ ಮತ್ತೆ ಅದು ಪೇಂಟೇ ಆಯಿತಲ್ಲ, ಅಷ್ಟಕ್ಕೆ ಪ್ಯಾಸ್ಟಲ್ ಯಾಕೆ ಬೇಕಿತ್ತು? ನನ್ನ ಟ್ಯಾಂಕುಗಳು ಬೇಸ್‌ಗೆ ಸ್ಕ್ರೂ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ. ಯಾರೂ ಮುಟ್ಟಲ್ಲ. ಎತ್ತಬೇಕಾದರೆ ಬೇಸ್ ಹಿಡಿದು ಎತ್ತುವುದು.

ಹಳೇ ಗಾರ್ಡ್:
ಗಾಜಿನ ಪೆಟ್ಟಿಗೆಯಲ್ಲಿ ಕೂರುವ ಟ್ಯಾಂಕಿಗೆ ಸರಿ. ನಮ್ಮ ವ್ಯಾಗನ್ ಓಡುತ್ತದೆ ಮಾರಾಯ್ರೇ. ಹಳಿಗೆ ಇಡುವಾಗ, ತೆಗೆಯುವಾಗ, ಡಬ್ಬಿಗೆ ಹಾಕುವಾಗ, ಪ್ರತಿ ಸಲವೂ ಬೆರಳು ತಾಗುತ್ತದೆ. ಬೆರಳಿನ ಎಣ್ಣೆ, ಬೆವರು ತಾಗಿದ ಕಡೆ ಪ್ಯಾಸ್ಟಲ್ ಕಪ್ಪಾಗಿ ಅಚ್ಚು ಬೀಳುತ್ತದೆ. ವ್ಯಾಗನ್ನಿನ ಎರಡೂ ಪಕ್ಕ ಸರಿಯಾಗಿ ಹೆಬ್ಬೆರಳು ತೋರುಬೆರಳು ಹಿಡಿಯುವ ಜಾಗದಲ್ಲಿ ಹೊಳಪಿನ ಮಚ್ಚೆ. ಅದನ್ನು ಅಳಿಸಲು ಹೋದರೆ ಸುತ್ತಲಿನದ್ದೂ ಹೋಗುತ್ತದೆ.

ಇನ್ನೊಂದು, ನಿಮ್ಮ ಪೆಟ್ಟಿಗೆಗೂ ಒಳಗೆ ಧೂಳು ಬರುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಆಗ ಏನು ಮಾಡುತ್ತೀರಿ? ಬ್ರಷ್ ಆಡಿಸಿದರೆ ಅಸಲಿ ಧೂಳಿನ ಜೊತೆ ನೀವು ಹಚ್ಚಿದ ಧೂಳೂ ಎದ್ದು ಬರುತ್ತದೆ.

ಓಡುವ ಮಾಡೆಲ್ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಇಂಜಿನ್‌ಗೆ ಹಚ್ಚುವಾಗ ಗೇರ್‌ಬಾಕ್ಸ್, ಮೋಟರ್ ಹತ್ತಿರ ಪುಡಿ ಬೀಳಬಾರದು. ಗ್ರೀಸ್ ಜೊತೆ ಸೇರಿದರೆ ಹಲ್ಲು ಸವೆಸುವ ಪೇಸ್ಟ್ ಆಗುತ್ತದೆ. ಸಾಧ್ಯವಾದರೆ ಬಾಡಿ ಬಿಚ್ಚಿ ಬೇರೆಯಾಗಿ ಹಚ್ಚಿ. ಚಕ್ರ ಹಳಿಗೆ ತಾಗುವ ಅಂಚು, ಕರೆಂಟ್ ತೆಗೆದುಕೊಳ್ಳುವ ತಗಡು ಇವೆಲ್ಲ ಕೊನೆಗೆ ಆಲ್ಕೋಹಾಲಿನಲ್ಲಿ ಒರೆಸಿ. ಅಸಲಿ ಚಕ್ರದ ಅಂಚೂ ಹಳಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಲೇ ಇರುತ್ತದೆ, ಹಾಗಾಗಿ ಅಲ್ಲಿ ತುಕ್ಕು ಹಚ್ಚುವುದು ಎರಡು ಕಡೆಯಿಂದಲೂ ತಪ್ಪು.

ಟ್ಯಾಂಕ್ ಜಾಡು:
ಧೂಳು ತೆಗೆಯಲು ಕ್ಯಾಮೆರಾ ಲೆನ್ಸಿಗೆ ಬಳಸುವ ಗಾಳಿ ಬಲ್ಬ್ ಸಾಕು ಸರ್. ಸರಿಯಾಗಿ ಮ್ಯಾಟ್ ಮೇಲೆ ಒತ್ತಿ ಕೂರಿಸಿದ ಪುಡಿ ಅಷ್ಟಕ್ಕೆಲ್ಲ ಏಳಲ್ಲ. ಓಡುವ ವ್ಯಾಗನ್ ವಿಷಯ ಒಪ್ಪಿದೆ.

ರೆಕ್ಕೆಪುಕ್ಕ:
ನಾನು 1/72ರ ಹಳೇ ಯುದ್ಧವಿಮಾನಗಳನ್ನು ಮಾಡುವವನು. ನಡುದಾರಿ ಹೇಳುತ್ತೇನೆ: ಎರಡು ಹಂತ. ಮೊದಲ ಹಂತ ಸೀಲ್ ಮಾಡುವುದಕ್ಕೇ ಅಂತ ಹಚ್ಚುವುದು. ಅದನ್ನು ಬೇಕಾದ್ದಕ್ಕಿಂತ ಜಾಸ್ತಿ ಹಚ್ಚುತ್ತೇನೆ, ಕೆಟ್ಟದಾಗಿ ಕಾಣುವಷ್ಟು. ವಾರ್ನಿಷ್ ಅದನ್ನು ತಗ್ಗಿಸುತ್ತದೆ. ಆಮೇಲೆ ಎರಡನೇ ಹಂತ, ತೀರಾ ತೆಳು, ಕೈ ತಾಗದ ಜಾಗಗಳಲ್ಲಿ ಮಾತ್ರ, ಅದಕ್ಕೆ ಸೀಲ್ ಇಲ್ಲ. ವಿಮಾನದಲ್ಲಿ ಅಂಥ ಜಾಗ ಅಂದರೆ ರೆಕ್ಕೆಯ ಬುಡ, ಚಕ್ರದ ಗೂಡು, ಹೊಟ್ಟೆಯ ಅಡಿ.

ಹೊಗೆಕೊಳವೆಯ ಹಿಂದಿನ ಕಲೆಯ ಬಗ್ಗೆ ಯಾರಾದರೂ ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಎಲ್ಲರೂ ಕಪ್ಪು ಬಳಿಯುತ್ತಾರೆ. ಎರಡನೇ ಮಹಾಯುದ್ಧದ ಪಿಸ್ಟನ್ ಇಂಜಿನ್ ವಿಮಾನಗಳ ಫೋಟೋ ನೋಡಿ, ಎಷ್ಟೋ ಕಡೆ ಆ ಕಲೆ ತಿಳಿ ಬೂದು, ತಿಳಿ ಕಂದು. ಆಗಿನ ವಿಮಾನ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಉರಿದ ಮೇಲೆ ಸೀಸದ ಲವಣ ಬೂದಿಯ ಹಾಗೆ ಮೈಮೇಲೆ ಕೂರುತ್ತಿತ್ತು. ಇಂಧನ ಜಾಸ್ತಿ, ಗಾಳಿ ಕಡಿಮೆ ಆದಾಗ ಮಾತ್ರ ಕಪ್ಪು ಮಸಿ. ಹಾಗಾಗಿ ನಾನು ಮೊದಲು ಗಾಢ ಕಂದನ್ನು ಅಗಲಕ್ಕೆ ಹಚ್ಚಿ, ನಡುವೆ ತಿಳಿ ಬೂದಿನ ಗೆರೆ ಎಳೆಯುತ್ತೇನೆ. ಬ್ರಷ್ ಯಾವಾಗಲೂ ಗಾಳಿ ಹರಿಯುವ ದಿಕ್ಕಿನಲ್ಲೇ ಹೋಗಬೇಕು, ಹಿಂದೆ ಮುಂದೆ ತಿಕ್ಕಬಾರದು. ಈ ತಿಳಿ ಬೂದು ಇದೆಯಲ್ಲ, ಸೀಲ್ ಮಾಡಿದರೆ ಅದೇ ಮೊದಲು ಹೋಗುವುದು. ಕಾರಣ ಇವತ್ತು ಗೊತ್ತಾಯಿತು.

ಸಣ್ಣ ಸ್ಕೇಲ್:
ಪುಡಿ ಎಷ್ಟು ನುಣ್ಣಗಿರಬೇಕು ಅನ್ನೋದನ್ನು ಯಾರೂ ಹೇಳಲಿಲ್ಲ. ನನ್ನದು 1/160. ಇಲ್ಲಿ 0.1 ಮಿಲಿಮೀಟರಿನ ಒಂದು ಕಣ ಅಂದರೆ ಅಸಲಿಯಲ್ಲಿ 16 ಮಿಲಿಮೀಟರ್, ಜಲ್ಲಿಕಲ್ಲು! ಬೋಗಿಯ ಮೈಮೇಲೆ ಜಲ್ಲಿ ಅಂಟಿಸಿದ ಹಾಗೆ ಕಾಣುತ್ತದೆ. 1/35ರಲ್ಲಿ ಅದೇ ಕಣ 3.5 ಮಿಲಿಮೀಟರ್, ಕೆಸರಿನ ನಡುವೆ ನಡೆದುಹೋಗುತ್ತದೆ.

ಬ್ಲೇಡಿನಿಂದ ಹೆರೆದರೆ ತರಿ ಬರುತ್ತದೆ. ನಾನು ಕಡ್ಡಿಯನ್ನು 400 ನಂಬರಿನ ಉಪ್ಪುಕಾಗದದ ಮೇಲೆ ಮೆಲ್ಲಗೆ ಉಜ್ಜುತ್ತೇನೆ. ಒತ್ತಿ ಉಜ್ಜಿದರೆ ಕಾಗದದ ಕಣವೇ ಕಿತ್ತು ಪುಡಿಯಲ್ಲಿ ಸೇರುತ್ತದೆ, ಆಮೇಲೆ ಅದು ಪೇಂಟ್ ಮೇಲೆ ಗೀರು ಎಳೆಯುತ್ತದೆ. ಉಜ್ಜಿದ್ದನ್ನು ಹಳೇ ನೈಲಾನ್ ಕಾಲುಚೀಲದ ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕೊಂದು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ. ಸೋಸಿ ಉಳಿದ ತರಿ ಬಿಸಾಡಬೇಡಿ, ನೆಲ, ಜಲ್ಲಿ, ಕಲ್ಲಿದ್ದಲ ರಾಶಿಗೆ ಬರುತ್ತದೆ.

ಹೊಸಗೈ:
ಎಲ್ಲರಿಗೂ ಥ್ಯಾಂಕ್ಸ್, ತಲೆ ತುಂಬಿತು. ವೈಟ್ ಸ್ಪಿರಿಟ್ ಪರೀಕ್ಷೆ ಈಗಲೇ ಮಾಡಿ ನೋಡಿದೆ. ಕೆನೆ ಬಣ್ಣ ಹನಿ ತಾಗಿದ ಕೂಡಲೇ ಕಣ್ಣೆದುರೇ ಕರಗಿ ಹೋದ ಹಾಗಾಯಿತು, ಆರಿದ ಮೇಲೆ ವಾಪಸ್! ಓಕರ್ ಹಳದಿ ಮಾತ್ರ ಹನಿಯೊಳಗೂ ಗಟ್ಟಿಯಾಗಿ ನಿಂತಿತು.

ಈಗ ವ್ಯಾಗನ್ ಬಗ್ಗೆ. ತುಕ್ಕಿಗೆ ಕಿತ್ತಳೆ ಹಚ್ಚಿದರೆ ಆಟಿಕೆಯ ಹಾಗೆ ಕಾಣುತ್ತದೆ. ಯಾವ ಯಾವ ಬಣ್ಣ, ಎಲ್ಲೆಲ್ಲಿ? ಮತ್ತೆ ಪುಡಿಯನ್ನು ಆಲ್ಕೋಹಾಲಿನಲ್ಲಿ ಕಲಸಿ ಹಚ್ಚಿ ಅಂತ ಒಬ್ಬರು ಹೇಳಿದ್ದರು, ಅದು ಸರಿನಾ?

ಹಳೇ ಗಾರ್ಡ್:
ತುಕ್ಕು ಅಂದರೆ ನನಗೆ ಪ್ರಾಣ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕಿತ್ತಳೆ ಅಂದರೆ ಹೊಸ ತುಕ್ಕು, ನಿನ್ನೆ ಮೊನ್ನೆ ಪೇಂಟ್ ಎದ್ದ ಜಾಗ. ವರ್ಷಗಟ್ಟಲೆ ಹಳೆಯ ತುಕ್ಕು ಗಾಢ ಕಂದು, ಕೆಲವು ಕಡೆ ಕಪ್ಪಿಗೆ ಹತ್ತಿರ. ಹಾಗಾಗಿ ಡಬ್ಬಿಯಲ್ಲಿ ಬರ್ನ್ಟ್ ಅಂಬರ್ (ಗಾಢ ಕಂದು) ಮುಖ್ಯ, ಅದರ ನಂತರ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಆಮೇಲೆ ಯೆಲ್ಲೋ ಓಕರ್ (ಮಣ್ಣಿನ ಹಳದಿ). ಕಿತ್ತಳೆ ಚಿಟಿಕೆ ಸಾಕು, ಅದೂ ಒಂದೆರಡು ಬಿಂದುವಿಗೆ. ಈ ಅಂಬರ್, ಸಿಯೆನ್ನಾ, ಓಕರ್ ಮೂರರಲ್ಲೂ ಬಣ್ಣ ಕೊಡುವುದು ಕಬ್ಬಿಣವೇ, ಅಂಬರ್‌ನಲ್ಲಿ ಜೊತೆಗೆ ಮ್ಯಾಂಗನೀಸ್. ಅಸಲಿ ತುಕ್ಕೂ ಕಬ್ಬಿಣದ ಆಕ್ಸೈಡೇ ತಾನೇ, ಅದಕ್ಕೇ ಈ ಬಣ್ಣಗಳು ಅಷ್ಟು ಚೆನ್ನಾಗಿ ಹೊಂದುವುದು.

ಎಲ್ಲಿ ಹಚ್ಚಬೇಕು? ನೀರು ನಿಲ್ಲುವ ಕಡೆ, ಪೇಂಟ್ ಏಳುವ ಕಡೆ. ವ್ಯಾಗನ್ ಬಾಗಿಲಿನ ಒಂದು ಬೋಲ್ಟ್ ತೆಗೆದುಕೊಳ್ಳೋಣ. ಸೊನ್ನೆ ನಂಬರ್ ಬ್ರಷ್ಷಿನ ತುದಿಯಲ್ಲಿ ಚೂರು ಅಂಬರ್ ಎತ್ತಿ ಬೋಲ್ಟ್ ತಲೆಯ ಸುತ್ತ ಕುಟ್ಟಿ, ಎಳೆಯಬೇಡಿ. ಆಮೇಲೆ ಚಪ್ಪಟೆ ಬ್ರಷ್ ಒಣದ್ದೇ ತೆಗೆದುಕೊಂಡು ಬೋಲ್ಟಿನಿಂದ ಕೆಳಕ್ಕೆ ಒಂದೇ ಒಂದು ಸಲ ಎಳೆಯಿರಿ. ಮೇಲೆ ಗಾಢ, ಕೆಳಗೆ ಹೋಗುತ್ತಾ ತೆಳುವಾಗಿ ಏನೂ ಇಲ್ಲದಂತೆ ಮುಗಿಯಬೇಕು. ಆ ಗೆರೆಯ ಮೇಲಿನ ಅರ್ಧಕ್ಕೆ ಮಾತ್ರ ಸಿಯೆನ್ನಾ. ಗೆರೆ ಅಗಲವಾದರೆ ಇಯರ್ ಬಡ್ಡನ್ನು ಒದ್ದೆ ಮಾಡಿ, ಹಿಂಡಿ, ಎರಡೂ ಪಕ್ಕ ಒರೆಸಿದರೆ ಸಣ್ಣಗಾಗುತ್ತದೆ. ಇದೇ ಪ್ಯಾಸ್ಟಲ್‌ನ ದೊಡ್ಡ ಅನುಕೂಲ: ಸೀಲ್ ಮಾಡುವವರೆಗೆ ಯಾವುದೂ ಅಂತಿಮ ಅಲ್ಲ. ಪಕ್ಕದ ಬೋಲ್ಟಿಗೆ ಇನ್ನೂ ಉದ್ದ ಗೆರೆ, ಅದರ ಪಕ್ಕದ್ದಕ್ಕೆ ಗೆರೆಯೇ ಇಲ್ಲ. ಎಲ್ಲ ಬೋಲ್ಟಿಗೂ ಒಂದೇ ಥರ ಹಚ್ಚಿದರೆ ತುಕ್ಕಲ್ಲ, ಡಿಸೈನ್ ಆಗುತ್ತದೆ.

ಚಾಸಿಸ್ ಅಡಿ ಬೇರೆ ಕಥೆ. ಎರಕದ ಕಬ್ಬಿಣದ ಬ್ರೇಕ್ ಬ್ಲಾಕ್ ಚಕ್ರಕ್ಕೆ ಉಜ್ಜಿದಾಗ ಕಬ್ಬಿಣದ ಪುಡಿ ಹಾರುತ್ತದೆ, ಅಡಿಯಲ್ಲೆಲ್ಲ ಕೂತು ತುಕ್ಕಾಗುತ್ತದೆ. ಅದಕ್ಕೇ ಹಳೇ ಗೂಡ್ಸ್ ಗಾಡಿಗಳ ಅಡಿಭಾಗ ಪೂರ್ತಿ ಒಂದೇ ಮಂಕು ಕಂದು. ಅಲ್ಲಿ ಗೆರೆ ಎಳೆಯುವುದು ಬೇಡ, ಅಂಬರ್‌ಗೆ ಸ್ವಲ್ಪ ಬೂದು ಬೆರೆಸಿ ದಪ್ಪ ಬ್ರಷ್‌ನಲ್ಲಿ ಎಲ್ಲ ಕಡೆ ಕುಟ್ಟಿದರೆ ಮುಗಿಯಿತು. ಛಾವಣಿಗೆ ಮಸಿ. ಬರೀ ಕಪ್ಪು ಬೇಡ, ಕಪ್ಪಿಗೆ ಕಂದು ಬೆರೆಸಿ. ಚಿತ್ರ ಬರೆಯುವ ಇದ್ದಿಲ ಕಡ್ಡಿ ಇದ್ದರೆ ಅದರ ಪುಡಿ ಇನ್ನೂ ಚೆನ್ನ. ಕೈತಾಗಿ ಸವೆದ ಹಿಡಿ, ಮೆಟ್ಟಿಲಿನ ಅಂಚಿಗೆ 6ಬಿ ಪೆನ್ಸಿಲ್ ಸವರಿ, ಲೋಹ ಹೊಳೆದ ಹಾಗಿರುತ್ತದೆ.

ಉಗಿ ಇಂಜಿನ್ ಮಾಡಿದರೆ ಆಗ ಬಿಳಿ ಬೇಕಾಗುತ್ತದೆ. ಬಾಯ್ಲರ್ ನೀರಿನ ಲವಣ ಸೇಫ್ಟಿ ವಾಲ್ವ್, ವಾಶ್‌ಔಟ್ ಪ್ಲಗ್‌ಗಳ (ಬಾಯ್ಲರ್ ತೊಳೆಯಲು ಬಿಚ್ಚುವ ಬಿರಡೆ) ಕೆಳಗೆ ಬಿಳಿ ಗೆರೆಯಾಗಿ ಒಣಗಿರುತ್ತದೆ. ಆ ಬಿಳಿಗೆ ಏನು ಮಾಡಬೇಕು ಅಂತ ಡಬ್ಬಿ ಮೇಡಂ ಹೇಳಬೇಕು.

ಆಲ್ಕೋಹಾಲ್ ಬಗ್ಗೆ ಬೇರೆಯವರು ಹೇಳಲಿ, ನನಗೆ ಒಣದ್ದೇ ಇಷ್ಟ.

ಸಣ್ಣ ಸ್ಕೇಲ್:
ಆಲ್ಕೋಹಾಲಿನಲ್ಲಿ ಕಲಸಿದರೆ ಪುಡಿ ಮೂಲೆಗಳಿಗೆ, ಹಲಗೆ ಸಂದುಗಳಿಗೆ ಹರಿದು ಕೂರುತ್ತದೆ, ಬೇಗ ಆರುತ್ತದೆ, ಅದು ಅನುಕೂಲ. ಆದರೆ ಅಡಿಯಲ್ಲಿ ಏನಿದೆ ನೋಡಿಕೊಳ್ಳಿ. ಡಲ್‌ಕೋಟ್‌ನಂಥ ಲ್ಯಾಕರ್ (ಬೇಗ ಆರುವ ದ್ರಾವಕದ) ಮ್ಯಾಟ್ ವಾರ್ನಿಷ್ ಮೇಲೆ ಆಲ್ಕೋಹಾಲ್ ಬಿದ್ದರೆ ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ. ಗಾಬರಿ ಬೇಡ, ಮೇಲೆ ಇನ್ನೊಂದು ಸಲ ಅದೇ ಲ್ಯಾಕರ್ ಹೊಡೆದರೆ ಹೋಗುತ್ತದೆ. ಬಿಸಿಲಿಗೆ ಬಿಳಚಿಕೊಂಡ ಪೇಂಟ್ ತೋರಿಸಲು ಕೆಲವರು ಬೇಕಂತಲೇ ಹೀಗೆ ಮಾಡುತ್ತಾರೆ. ಅಕ್ರಿಲಿಕ್ ಪೇಂಟ್ ಮೇಲೆ ನೇರ ಬಿದ್ದರೆ ಮಾತ್ರ ಕಷ್ಟ, ಕೆಲವು ಅಕ್ರಿಲಿಕ್‌ಗಳನ್ನು ಆಲ್ಕೋಹಾಲ್ ಎಬ್ಬಿಸಿಬಿಡುತ್ತದೆ. ಆಗ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅದರಲ್ಲಿ ಕಲಸಿ. ಸೋಪ್ ಇಲ್ಲದಿದ್ದರೆ ನೀರು ಮುತ್ತು ಮುತ್ತಾಗಿ ನಿಲ್ಲುತ್ತದೆ. ನಿಧಾನ ಆರುತ್ತದೆ, ಅಂಚಿನಲ್ಲಿ ಗೆರೆ ಕಟ್ಟುತ್ತದೆ, ಪೂರ್ತಿ ಆರುವ ಮುಂಚೆ ಒದ್ದೆ ಬ್ರಷ್‌ನಲ್ಲಿ ಆ ಅಂಚು ಒಡೆಯಬೇಕು.

ಟ್ಯಾಂಕ್ ಜಾಡು:
ಟ್ರಕ್ಕಿಗೆ ಬರೋಣ. ವಾರ್ನಿಷ್ ಸ್ಪ್ರೇ ಇಲ್ಲದೆಯೂ ಪುಡಿ ನಿಲ್ಲಿಸುವ ದಾರಿ ಇದೆ. ಚಕ್ರದ ಕಮಾನಿನ ಒಳಗೆ, ಆಕ್ಸಲ್ ಸುತ್ತ ಒಣ ಪುಡಿಯನ್ನು ದಪ್ಪಗೆ ಉದುರಿಸಿ. ಈಗ ಒಳ್ಳೆ ಬ್ರಷ್ಷಿನಲ್ಲಿ ವೈಟ್ ಸ್ಪಿರಿಟ್ ತುಂಬಿಕೊಂಡು ಪುಡಿಯ ಪಕ್ಕ ಮುಟ್ಟಿಸಿ, ಪುಡಿಯನ್ನಲ್ಲ. ದ್ರವ ತಾನಾಗಿ ಹರಿದು ಪುಡಿಯೊಳಗೆ ಹೋಗುತ್ತದೆ, ನೋಡುತ್ತಿದ್ದರೆ ಮಜಾ. ನೇರ ಪುಡಿ ಮೇಲೆ ಇಟ್ಟರೆ ಗುಂಡಿ ಬೀಳುತ್ತದೆ. ಆರಿದ ಮೇಲೆ ಪುಡಿ ಮೂಲೆಯಲ್ಲಿ ಕಚ್ಚಿಕೊಂಡಿರುತ್ತದೆ, ಬಣ್ಣವೂ ಹೆಚ್ಚೂಕಮ್ಮಿ ಮೊದಲಿನ ಹಾಗೆ, ಯಾಕಂದರೆ ಸ್ಪಿರಿಟ್ ಆವಿಯಾಗಿ ಆ ಜಾಗಕ್ಕೆ ಗಾಳಿ ಮತ್ತೆ ಬಂತು (ಅಕ್ಕನ ಪಾಠ ಉಪಯೋಗಕ್ಕೆ ಬಂತು ನೋಡಿ). ಹಿಡಿತ ಬಲವಾಗಿರಲ್ಲ, ಉಗುರು ತಾಗಿದರೆ ಏಳುತ್ತದೆ. ಇನ್ನೂ ಗಟ್ಟಿ ಬೇಕಿದ್ದರೆ ಪಿಗ್ಮೆಂಟ್ ಫಿಕ್ಸರ್ ಅಂತ ಬರುತ್ತದೆ, ಇದೇ ರೀತಿ ಪಕ್ಕದಿಂದ ಬಿಡುವುದು. ಜಾಸ್ತಿ ಬಿಟ್ಟರೆ ಅದೂ ಕಲೆಯಾಗುತ್ತದೆ. ಎನಾಮೆಲ್ ಪೇಂಟ್ ಮೇಲೆ ಸ್ಪಿರಿಟ್ ಹುಷಾರು, ಕರಗಿಸುತ್ತದೆ, ಮಧ್ಯೆ ಅಕ್ರಿಲಿಕ್ ವಾರ್ನಿಷ್ ಇರಲಿ.

ಕೆಸರಿಗೆ ಪ್ಯಾಸ್ಟಲ್ ಪುಡಿ, ಸ್ವಲ್ಪ ಪ್ಲಾಸ್ಟರ್, ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ ಅಂಟಿನಂಥ ದ್ರವ) ಸೇರಿಸಿ ಗಂಜಿ ಹದಕ್ಕೆ ಕಲಸಿ, ಹಳೇ ಬ್ರಷ್‌ನಿಂದ ಸಿಡಿಸಿ. ಒದ್ದೆ ಕೆಸರು ಗಾಢ, ಒಣಗಿದ್ದು ತಿಳಿ. ಟ್ರಕ್ಕಿನ ಕೆಳಗೆ ಗಾಢ, ಮೇಲಕ್ಕೆ ಹೋದ ಹಾಗೆ ತಿಳಿ ಮಾಡಿ. ಮತ್ತೆ ಧೂಳಿನ ಬಣ್ಣ ನಿಮ್ಮ ಬೇಸ್ ಮೇಲಿನ ಮಣ್ಣಿನ ಬಣ್ಣವೇ ಆಗಿರಬೇಕು. ಕೆಂಪು ಮಣ್ಣಿನ ಮೇಲೆ ನಿಂತ ಟ್ರಕ್ಕಿಗೆ ಬೂದು ಧೂಳು ಹಚ್ಚಿದ ಮಾಡೆಲ್‌ಗಳು ಸ್ಪರ್ಧೆಗಳಲ್ಲೂ ಕಾಣುತ್ತವೆ, ನೋಡಿದರೆ ಸಿಟ್ಟು ಬರುತ್ತದೆ.

ರೆಡಿಮೇಡ್:
ಇಷ್ಟೆಲ್ಲ ಉಜ್ಜಿ ಸೋಸಿ ಒದ್ದಾಡುವ ಬದಲು ಮಾಡೆಲ್‌ಗಳಿಗೇ ಅಂತ ಬರುವ ವೆದರಿಂಗ್ ಪಿಗ್ಮೆಂಟ್ ತಗೊಂಡರೆ ಆಯ್ತಲ್ವಾ? ವಲೆಹೋ, ಎಕೆ, ಎಲ್ಲರದ್ದೂ ಇದೆ. ತಮಿಯಾದ ವೆದರಿಂಗ್ ಮಾಸ್ಟರ್ ಡಬ್ಬಿಯಂತೂ ಮೇಕಪ್ ಥರ, ಸ್ಪಂಜಿನಿಂದ ಸವರಿದರೆ ಕಚ್ಚಿಕೊಳ್ಳುತ್ತೆ. ಸುಮ್ನೆ ಯಾಕೆ ಕಷ್ಟ?

ಬಣ್ಣದ ಡಬ್ಬಿ:
ಕೊಂಡರೆ ತಪ್ಪೇನಿಲ್ಲ. ಆ ಪುಡಿಗಳು ನುಣ್ಣಗಿರುತ್ತವೆ, ಮಣ್ಣು ತುಕ್ಕಿನ ಬಣ್ಣಗಳಲ್ಲಿ ಪಿಗ್ಮೆಂಟ್ ಪಾಲು ಜಾಸ್ತಿ, ಹಾಗಾಗಿ ವಾರ್ನಿಷ್ ಅಡಿಯಲ್ಲಿ ಚೆನ್ನಾಗಿ ಉಳಿಯುತ್ತವೆ. ಆದರೆ ಬೇಕಾದ ಛಾಯೆಯನ್ನು ನಾವೇ ಬೆರೆಸಿಕೊಳ್ಳುವ ಸ್ವಾತಂತ್ರ್ಯ ಕಡ್ಡಿಗಳ ಡಬ್ಬಿಯಲ್ಲಿ ಹೆಚ್ಚು, ಒಂದು ಕಡ್ಡಿ ವರ್ಷಗಟ್ಟಲೆ ಬರುತ್ತದೆ. ನನ್ನ ಲೆಕ್ಕದಲ್ಲಿ ತುಕ್ಕು ಮಸಿಗೆ ಪ್ಯಾಸ್ಟಲ್ ಸಾಕು, ಸೀಲ್ ಮಾಡಲೇಬೇಕಾದ ತಿಳಿ ಧೂಳಿಗೆ ಮಾತ್ರ ಒಳ್ಳೆ ಪಿಗ್ಮೆಂಟ್ ಬೇಕು.

ಗಾರ್ಡ್ ಸರ್ ಕೇಳಿದ ಬಿಳಿ. ಕಲಾವಿದರ ದರ್ಜೆಯ ಕಡ್ಡಿಗಳಿಗೆ ಪಿಗ್ಮೆಂಟ್ ಕೋಡ್ ಕೊಟ್ಟಿರುತ್ತಾರೆ, ಕಡ್ಡಿಯ ಸುತ್ತಿನ ಚೀಟಿಯಲ್ಲೋ ಬಣ್ಣಗಳ ಪಟ್ಟಿಯಲ್ಲೋ ನೋಡಿ. ಪಿಡಬ್ಲ್ಯೂ 6 ಅಂದರೆ ಟೈಟಾನಿಯಂ ಬಿಳಿ. ಅದರ ಸೂಚಿ 2.5ಕ್ಕಿಂತ ಮೇಲೆ, ವಾರ್ನಿಷ್ ಒಳಗೂ ಬೆಳ್ಳಗೇ ಇರುತ್ತದೆ. ಪಿಡಬ್ಲ್ಯೂ 18 ಅಂದರೆ ಬರೀ ಚಾಕ್, ಅದು ಮಾಯವಾಗುವ ಗಿರಾಕಿ. ಧೂಳಿಗೆ ಟೈಟಾನಿಯಂ ಬಿಳಿ, ಓಕರ್ (ಪಿವೈ 42 ಅಥವಾ 43), ಒಂದು ಚಿಟಿಕೆ ಅಂಬರ್ (ಪಿಬಿಆರ್ 7) ಬೆರೆಸಿ, ಆಗ ಸೀಲ್ ಮಾಡಿದರೂ ಧೂಳು ಉಳಿಯುತ್ತದೆ. ಸ್ವಲ್ಪ ತಗ್ಗುತ್ತದೆ, ಮಾಯವಾಗಲ್ಲ. ಉಗಿ ಇಂಜಿನ್ನಿನ ಬಿಳಿ ಗೆರೆಗೂ ಅದೇ ಬಿಳಿ, ಚೂರು ಬೂದು ಸೇರಿಸಿ.

ಇನ್ನೊಂದು ಮಾತು, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಮಣ್ಣಿನ ಬಣ್ಣಗಳು ಅಂಥ ಅಪಾಯದ್ದಲ್ಲ, ಆದರೂ ನುಣ್ಣನೆ ಧೂಳು ಯಾವುದೇ ಇರಲಿ ಶ್ವಾಸಕೋಶಕ್ಕೆ ಬೇಡ. ಅಂಬರ್‌ನಲ್ಲಿ ಮ್ಯಾಂಗನೀಸ್ ಇದೆ, ಕಲಾವಿದರ ದರ್ಜೆಯ ಹಳದಿ ಕೆಂಪುಗಳಲ್ಲಿ ಕ್ಯಾಡ್ಮಿಯಂ ಇರಬಹುದು. ಮೇಜಿನ ಮೇಲೆ ಬಿದ್ದ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಹೊಸಗೈ:
ಟೈಟಾನಿಯಂ ಬಿಳಿ ಕಡ್ಡಿ ಸಿಕ್ಕಿತು ಮೇಡಂ, ಓಕರ್ ಜೊತೆ ಬೆರೆಸಿ ಪ್ಲಾಸ್ಟಿಕ್ ತುಂಡಿಗೆ ಹಚ್ಚಿದೆ. ಅರ್ಧ ಭಾಗಕ್ಕೆ ಇನ್ನೊಂದು ತುಂಡನ್ನು ಅಡ್ಡ ಹಿಡಿದು ಉಳಿದರ್ಧಕ್ಕೆ ಸ್ಪ್ರೇ ಹೊಡೆದೆ. ಎರಡೂ ಕಡೆ ಧೂಳು ಕಾಣುತ್ತಿದೆ! ಹೊಡೆದ ಕಡೆ ಒಂದು ಛಾಯೆ ಕಡಿಮೆ ಅಷ್ಟೇ. ಆದರೆ ಅಲ್ಲಲ್ಲಿ ಸಣ್ಣ ಸಣ್ಣ ಚುಕ್ಕೆ ಬಿದ್ದಿವೆ, ಮಳೆ ಹನಿ ಬಿದ್ದ ಹಾಗೆ. ಅದಕ್ಕೇನು ಕಾರಣ?

ರೆಕ್ಕೆಪುಕ್ಕ:
ಸ್ಪ್ರೇ ಶುರುವಾಗುವಾಗ, ನಿಲ್ಲುವಾಗ ದೊಡ್ಡ ಹನಿ ಉಗುಳುತ್ತದೆ. ಹಾಗಾಗಿ ಮಾಡೆಲ್‌ನ ಆಚೆ ಒತ್ತಿ, ಮಾಡೆಲ್ ದಾಟಿಸಿ, ಈಚೆ ಬಂದ ಮೇಲೆ ಬೆರಳು ತೆಗೆಯಿರಿ. ಡಬ್ಬಿಯನ್ನು ಮೊದಲು ಬಿಸಿ ಅಲ್ಲದ, ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಹನಿ ನುಣ್ಣಗಾಗುತ್ತದೆ. ಕುದಿಯುವ ನೀರಿಗೆ ಮಾತ್ರ ಯಾವ ಕಾರಣಕ್ಕೂ ಇಡಬೇಡಿ, ಒಡೆಯುತ್ತದೆ. 30 ಸೆಂಟಿಮೀಟರ್ ದೂರ ಇರಲಿ. ಮೊದಲ ಒಂದೆರಡು ಸುತ್ತು ಒದ್ದೆಯೇ ಆಗಲಿಲ್ಲ ಅನ್ನಿಸುವಷ್ಟು ತೆಳು, ಅದು ಪುಡಿಯನ್ನು ಹಿಡಿದುಕೊಂಡ ಮೇಲೆ ಮಾಮೂಲಿ ಸುತ್ತು. ಮತ್ತೆ ಮಳೆಗಾಲದ ದಿನ, ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಲ್ಯಾಕರ್ ಹೊಡೆಯಬೇಡಿ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ನೀರು ಹಿಡಿಯುತ್ತದೆ, ಬೆಳ್ಳಗೆ ಮಬ್ಬು ಕೂರುತ್ತದೆ.

ಹಳೇ ಗಾರ್ಡ್:
ಸ್ಪ್ರೇ ಬದಲು ಏರ್‌ಬ್ರಷ್ ಇದ್ದರೆ ಒತ್ತಡ ಕಡಿಮೆ ಇಟ್ಟು ಹೊಡೆಯಿರಿ, ಪುಡಿ ಅಷ್ಟಾಗಿ ಹಾರಲ್ಲ. ವ್ಯಾಗನ್ ಎರಡೂ ಪಕ್ಕ ಮುಗಿಸಿದ ಮೇಲೆ ಫೋಟೋ ಹಾಕಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಇಲ್ಲದಿದ್ದರೆ ತುಕ್ಕಿನ ಬಣ್ಣ ಸರಿಯಾಗಿ ಕಾಣಲ್ಲ.